ಒಂಬತ್ತನೇ ಗುಂಡಿ

ರಿಮೋಟತ್ತೆಯ ಅಂಗಡಿಗೆ ಬರುವ ರಿಮೋಟುಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ಸೆಲ್ ಹಿಂದುಮುಂದಾಗಿ ಹಾಕಿರುತ್ತಾರೆ, ಗುಂಡಿಯ ಕೆಳಗೆ ಟೀ ಚೆಲ್ಲಿ ಅಂಟಂಟಾಗಿರುತ್ತದೆ, ಇಲ್ಲವೇ ಗಂಡ ಹೆಂಡಿರ ಜಗಳದಲ್ಲಿ ಗೋಡೆಗೆ ಬಡಿದು ಒಳಗಿನ ಬೆಸುಗೆ ಬಿಟ್ಟಿರುತ್ತದೆ. “ಕೆಡೋದು ಮನೆ, ಪೆಟ್ಟು ತಿನ್ನೋದು ರಿಮೋಟು” ಎನ್ನುವುದು ಅವಳ ಮಾತು. ಗಂಡ ತೀರಿಕೊಂಡ ಮೇಲೆ ಅವನ ಟಿವಿ ರಿಪೇರಿ ಅಂಗಡಿ ಮುಚ್ಚಲು ಮನಸ್ಸು ಬಾರದೆ, ದೊಡ್ಡ ಪೆಟ್ಟಿಗೆಗಳನ್ನು ಎತ್ತಿಳಿಸಲು ಕೈಯಲ್ಲಾಗದೆ, ಅಂಗೈಯಲ್ಲಿ ಹಿಡಿಸುವಷ್ಟು ಕೆಲಸವನ್ನು ಮಾತ್ರ ಉಳಿಸಿಕೊಂಡಳು. ಹದಿನಾಲ್ಕು ವರ್ಷವಾಯಿತು. ಬೀದಿಯ ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಿಗೂ ಹತ್ತಿ, ಈಗ ಅವಳ ಸ್ವಂತ ಹೆಸರು ಅವಳಿಗೇ ಸಹಿ ಹಾಕುವಾಗಷ್ಟೇ ನೆನಪಾಗುತ್ತದೆ.

ಆ ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬಂದವನು ಫಿಸಿಯೋ. ಪಾರ್ಶ್ವವಾಯು ಹೊಡೆದವರ ಕೈಕಾಲು ಆಡಿಸಲು ಮನೆಮನೆಗೆ ಹೋಗುವ ಉದ್ದನೆಯ ಮನುಷ್ಯ. ಬಾಗಿಲಲ್ಲಿ ಬಗ್ಗಿ ಬಗ್ಗಿ ಕತ್ತೇ ಬಾಗಿಹೋಗಿತ್ತು.

“ಅತ್ತೆ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನೀರಿನ ಟ್ಯಾಂಕ್ ಹಿಂದಿನ ಬೀದಿ, ಮೂರನೇ ಮಹಡಿ, ಕಂಡಕ್ಟರ್ ಮನೆ.”

“ಯಾರು, ಬಸ್ ಕಂಡಕ್ಟರಾ? ಕೊನೇ ಸೀಟಲ್ಲಿ ಗೊರಕೆ ಹೊಡೆಯೋನೂ ಬೆಚ್ಚಿ ಇಳಿಯೋ ಹಾಗೆ ಸ್ಟಾಪ್ ಕೂಗ್ತಿದ್ರಲ್ಲ, ಅವರಾ?”

“ಅವರೇ. ಈಗ ಆ ಗಂಟಲಲ್ಲಿ ಗಾಳಿ ಬಿಟ್ಟು ಏನೂ ಬರಲ್ಲ. ಬಲಗೈ ಹೆಬ್ಬೆರಳು ಒಂದು ಆಡುತ್ತೆ. ಯಾರೋ ಪುಣ್ಯಾತ್ಮ ಮನೇಲಿದ್ದ ಕಂಪ್ಯೂಟರಿಗೆ ಒಂದು ಯೂನಿವರ್ಸಲ್ ರಿಮೋಟ್ ಹೊಂದಿಸಿಕೊಟ್ಟಿದ್ದಾನೆ. ಗುಂಡಿಗೊಂದು ಮಾತು. ಒತ್ತಿದ್ರೆ ಕಂಪ್ಯೂಟರ್ ಆ ಮಾತು ಹೇಳುತ್ತೆ. ಹದಿನೈದು ದಿನದಿಂದ ಅದು ಸತ್ತು ಕೂತಿದೆ. ಅಮ್ಮಾವ್ರು ‘ಹಳೇದು, ಹೋಗ್ಲಿ ಬಿಡಿ’ ಅಂತಾರೆ. ಬಿಟ್ರೆ ಬೆರಳೂ ಹೋಗುತ್ತೆ ಅತ್ತೆ. ಹೋದ ವಾರ ಒತ್ತಿದಷ್ಟು ಜೋರಾಗಿ ಈ ವಾರ ಒತ್ತಲ್ಲ. ಇನ್ನೊಂದು ತಿಂಗಳು ಹೀಗೇ ಆದ್ರೆ ನನ್ನ ಕೈಲೂ ಏನೂ ಇಲ್ಲ.”

“ರಿಮೋಟ್ ನೀನು ನೋಡಿದ್ಯಾ?”

“ಒಂದ್ಸಲ ಸೆಲ್ ತಿರುಗಾಮುರುಗಾ ಇತ್ತು, ಸರಿ ಮಾಡಿದೆ. ಎರಡು ದಿನ ಓಡಿ ಮತ್ತೆ ನಿಂತುಹೋಯ್ತು.” ಅವನು ದನಿ ತಗ್ಗಿಸಿದ. “ಕೆಡೋಕೆ ಮುಂಚೆ ಇಡೀ ದಿನ ಒಂದೇ ಗುಂಡಿ ಒತ್ತುತ್ತಿದ್ರಂತೆ. ಸಾಕು, ಸಾಕು, ಸಾಕು. ಬದುಕೇ ಸಾಕಾಗಿದೆ ಪಾಪ. ಡಾಕ್ಟರು ಮನಸ್ಸಿಗೆ ಅಂತ ಒಂದು ಮಾತ್ರೆ ಕೊಟ್ಟಿದ್ದಾರೆ. ಅದು ನುಂಗಿ ಅರ್ಧ ದಿನ ಮಂಪರು.”

ಮಧ್ಯಾಹ್ನ ರಿಮೋಟತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಮೂರು ಮಹಡಿ ಹತ್ತಿದಳು. ಪ್ರತಿ ಮಹಡಿಗೂ ಒಮ್ಮೆ ನಿಂತು ಮಂಡಿಗೆ ಬೈದಳು.

ಬಾಗಿಲು ತೆರೆದವರು ಕಂಡಕ್ಟರ ಹೆಂಡತಿ, ಬೀದಿಗೆಲ್ಲ ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಹಿಂದೆ ಹೊಲಿಗೆ ಮಷೀನು, ಅದರ ಪಕ್ಕ ಯಾವುದೋ ಕಾರ್ಖಾನೆಯ ಕಾವಲುಗಾರರ ಅಂಗಿಗಳ ರಾಶಿ. ಎಲ್ಲ ಒಂದೇ ಬಣ್ಣ, ಒಂದೇ ಜೇಬು.

“ಯಾರಮ್ಮ ಹೇಳಿದ್ದು ನಿನಗೆ?” ಸೂಜಿ ತೆಗೆದು ಕೇಳಿದರು.

“ಫಿಸಿಯೋ.”

“ಆ ಬಿದಿರುಗಳಕ್ಕೆ ಬೇರೆ ಕೆಲಸ ಇಲ್ಲ. ಅದು ಹಳೇದು ಕಣಮ್ಮ, ಸುಮ್ನೆ ನಿನಗೆ ತೊಂದರೆ. ಇಷ್ಟು ಮೆಟ್ಟಿಲು ಬೇರೆ ಹತ್ತಿದ್ದೀಯ, ನೀರು ಕುಡಿದು ಹೋಗು.”

“ಹತ್ತಿದ ಮೆಟ್ಟಿಲಿಗಾದ್ರೂ ಒಂದ್ಸಲ ನೋಡ್ಬಿಡ್ತೀನಿ ಅಮ್ಮ. ಇಲ್ದಿದ್ರೆ ನನ್ನ ಮಂಡಿ ನನ್ನನ್ನ ಕ್ಷಮಿಸಲ್ಲ.”

ಮಂಡಿ ಎಂದಾಗ ಟೈಲರಮ್ಮನ ಮುಖ ಒಂದು ಕ್ಷಣ ಬಿಗಿದಂತಾಯಿತು. ರಿಮೋಟತ್ತೆ ಅದನ್ನು ಕಂಡಳು, ಆದರೆ ಏಕೆಂದು ತಿಳಿಯಲಿಲ್ಲ. ಟೈಲರಮ್ಮ ಬದಿಗೆ ಸರಿದರು.

ಒಳಕೋಣೆಯಲ್ಲಿ ಕಂಡಕ್ಟರು ಮೂರು ದಿಂಬಿನ ಮೇಲೆ ಒರಗಿ ಮಲಗಿದ್ದರು. ಮುಖದ ಎಡಭಾಗ ಜೋತಿತ್ತು. ರೆಪ್ಪೆಗಳು ಮಾತ್ರೆಯ ಭಾರಕ್ಕೆ ತಮ್ಮಷ್ಟಕ್ಕೆ ಬಿದ್ದು ಏಳುತ್ತಿದ್ದವು. ಕಣ್ಣು ಮಿಟುಕಿಸಿ ಹೌದು ಅಲ್ಲ ಎನ್ನುವ ದಾರಿಯೂ ಅವರಿಗೆ ಮುಚ್ಚಿತ್ತು. ಬಲಗೈಯ ಕೆಳಗೆ ಮಡಿಸಿದ ಟವೆಲ್ಲು, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕೂರಿಸಿದ ರಿಮೋಟು. ಎದುರಿಗೆ ಮೇಜು, ಮೇಜಿನ ಮೇಲೆ ಹಳೆಯ ಕಂಪ್ಯೂಟರು. ಪರದೆಯಲ್ಲಿ ಒಂಬತ್ತು ಚೌಕ, ಪಕ್ಕದ ಗೋಡೆಯಲ್ಲಿ ದಪ್ಪ ಅಕ್ಷರದ ಹಾಳೆ: ಒಂದು, ನೀರು. ಎರಡು, ಊಟ. ಮೂರು, ಮಗ್ಗುಲು. ನಾಲ್ಕು, ನೋವು. ಐದು, ಬಾ. ಆರು, ಹೌದು. ಏಳು, ಅಲ್ಲ. ಎಂಟು, ಕಿಟಕಿ. ಒಂಬತ್ತು, ಸಾಕು. ಸೊನ್ನೆಗೆ ಏನೂ ಇರಲಿಲ್ಲ. ಒಬ್ಬ ಮನುಷ್ಯನ ಬದುಕಿನ ಮಾತೆಲ್ಲ ಒಂದು ಹಾಳೆಯಲ್ಲಿ ಹಿಡಿಸಿ, ಕೆಳಗೆ ಇನ್ನೂ ಜಾಗ ಮಿಕ್ಕಿತ್ತು.

“ನಮಸ್ಕಾರ ಸಾರ್. ನಿಮ್ಮ ಬಸ್ಸಲ್ಲಿ ನಾನು ಎಷ್ಟೋ ಸಲ ಬಂದಿದ್ದೀನಿ. ಚಿಲ್ಲರೆ ಇಲ್ಲ ಅಂದ್ರೆ ಇಡೀ ಬಸ್ಸಿಗೆ ಕೇಳೋ ಹಾಗೆ ಮರ್ಯಾದೆ ತೆಗೀತಿದ್ರಿ.”

ಬಾಯಿಯ ಬಲಮೂಲೆ ಸ್ವಲ್ಪ ಮೇಲೆದ್ದಿತು. ತಲೆ ಒಳಗೆ ಮನುಷ್ಯ ಪೂರ್ತಿ ಇದ್ದಾನೆ ಎಂದುಕೊಂಡಳು ರಿಮೋಟತ್ತೆ.

ಕೆಲಸ ಶುರುಮಾಡಿದಳು. ಅವಳದು ಒಂದು ಕ್ರಮ, ಹೊರಗಿನಿಂದ ಒಳಕ್ಕೆ. ಮೊದಲು ಸೆಲ್, ಸರಿಯಾಗಿಯೇ ಕೂತಿತ್ತು, ಅಳೆದರೆ ತುಂಬಿಯೂ ಇತ್ತು. ಆಮೇಲೆ ತನ್ನ ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಗೆ ಹಿಡಿದಳು. ರಿಮೋಟಿನ ಬೆಳಕು ಬರಿಗಣ್ಣಿಗೆ ಕಾಣುವಂಥದ್ದಲ್ಲ, ಕ್ಯಾಮೆರಾಕ್ಕೆ ಮಾತ್ರ ಸಿಕ್ಕಿಬೀಳುತ್ತದೆ.

“ಒತ್ತಿ ಸಾರ್, ಯಾವುದಾದ್ರೂ.”

ಹೆಬ್ಬೆರಳು ಬಸವನಹುಳುವಿನಂತೆ ಸರಿದು ಒಂಬತ್ತರ ಮೇಲೆ ನಿಂತಿತು. ಬಹಳ ಹೊತ್ತು ತಡಕಿ ಕೊನೆಗೆ ಒತ್ತಿತು. ಮೊಬೈಲಿನ ಪರದೆಯಲ್ಲಿ ರಿಮೋಟಿನ ಮೂತಿ ನೇರಳೆಯಾಗಿ ಮಿನುಗಿತು. ಕಂಪ್ಯೂಟರು ಮಾತ್ರ ತುಟಿ ಬಿಚ್ಚಲಿಲ್ಲ.

“ಇವರು ಕೂಗ್ತಾನೇ ಇದ್ದಾರೆ,” ಎಂದಳು ರಿಮೋಟತ್ತೆ. “ಕೇಳಿಸ್ಕೊಳ್ಳಬೇಕಾದ್ದಕ್ಕೇ ಕಿವುಡು.”

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಹೊರಕೋಣೆಗೆ ಹೋದರು. ಮಷೀನು ಟಕಟಕ ಎಂದು ಶುರುವಾಯಿತು, ಬೇಕಾದ್ದಕ್ಕಿಂತ ಜೋರಾಗಿ.

ರಿಮೋಟತ್ತೆ ಚೀಲದಿಂದ ತನ್ನ ಪರೀಕ್ಷೆಯ ರಿಮೋಟು ತೆಗೆದು ಒತ್ತಿದಳು. ಅದಕ್ಕೂ ಉತ್ತರವಿಲ್ಲ. ಕೀಬೋರ್ಡಿನಲ್ಲಿ ಒಂದನ್ನು ಒತ್ತಿದಳು. “ನೀರು,” ಎಂದಿತು ಕಂಪ್ಯೂಟರು, ಈಗಷ್ಟೇ ಬಾಗಿಲಲ್ಲಿ ಮಾತಾಡಿದ ಟೈಲರಮ್ಮನದೇ ದನಿಯಲ್ಲಿ. ಹೊರಗೆ ಮಷೀನು ತಟ್ಟನೆ ನಿಂತು, ಮತ್ತೆ ಓಡಿತು.

ಅಲ್ಲಿಗೆ ಉಳಿದದ್ದು ಒಂದೇ. ಪರದೆಯ ನೆತ್ತಿಯ ಮೇಲೆ ವೈರಿನ ತುದಿಯಲ್ಲಿ ಕೂತಿದ್ದ ಹುಣಸೆಬೀಜದಷ್ಟಗಲದ ಕಪ್ಪು ಕಣ್ಣು. ರಿಮೋಟಿನ ಬೆಳಕನ್ನು ಹಿಡಿದು ಕಂಪ್ಯೂಟರಿಗೆ ಮುಟ್ಟಿಸುವುದು ಅದೇ. ರಿಮೋಟತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಉಗುರಲ್ಲಿ ಕೆರೆದಳು. ಕಪ್ಪಿನ ಮೇಲೆ ಕಪ್ಪು ಎದ್ದು ಬಂತು: ದುಂಡಗೆ ಕತ್ತರಿಸಿದ ಲೈನಿಂಗ್ ಬಟ್ಟೆ, ಅದರ ಕೆಳಗೆ ಅಷ್ಟೇ ದುಂಡಗೆ ಮಾತ್ರೆಯ ಪಟ್ಟಿಯ ಬೆಳ್ಳಿ ಕಾಗದ.

ಅವಳು ಕಂಡಕ್ಟರ ಕಡೆ ತಿರುಗಿದಳು. ಅವರ ಕಣ್ಣು ಅವಳ ಬೆರಳ ತುದಿಯನ್ನೇ ನೋಡುತ್ತಿತ್ತು. ಆ ನೋಟದಲ್ಲಿ ಆಶ್ಚರ್ಯವಿರಲಿಲ್ಲ. ಹದಿನೈದು ದಿನದಿಂದ ಎದುರಿಗೇ ಇದ್ದದ್ದನ್ನು ಅವರು ನೋಡುತ್ತಲೇ ಇದ್ದರು, ಹೇಳಲು ಇದ್ದ ಒಂದೇ ಬಾಯಿ ಅದೇ ಆಗಿತ್ತು.

ಕೆಟ್ಟದ್ದಕ್ಕೂ ಕೆಡಿಸಿದ್ದಕ್ಕೂ ಇರುವ ವ್ಯತ್ಯಾಸ ರಿಮೋಟತ್ತೆಗೆ ಹೊಸದೇನಲ್ಲ. ಆದರೆ ಮಲಗಿದವರ ಬಾಯಿಗೆ ಬಟ್ಟೆ ತುರುಕಿದ್ದನ್ನು ಅವಳು ನೋಡಿರಲಿಲ್ಲ. ಬಟ್ಟೆಯ ಬಿಲ್ಲೆಯನ್ನು ಬೆರಳ ತುದಿಯಲ್ಲಿಟ್ಟುಕೊಂಡು ಹೊರಕೋಣೆಗೆ ಬಂದಳು.

“ಇದು ಯಾರ ಕತ್ತರಿ ಅಮ್ಮ?”

ಟೈಲರಮ್ಮ ಅಂಗಿಯನ್ನು ಸೂಜಿಯ ಕೆಳಗೆ ಮುಂದಕ್ಕೆ ತಳ್ಳಿದರು.

“ಸುತ್ತ ಒಂದು ಎಳೆ ಎದ್ದಿಲ್ಲ. ನಾನು ಕತ್ತರಿಸಿದ್ರೆ ಇಲಿ ಕಡಿದ ಹಾಗಿರ್ತಿತ್ತು.”

ಮಷೀನು ನಿಂತಿತು. ಟೈಲರಮ್ಮ ಒಂದು ಅಂಗಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಗುಂಡಿ ತಿರುವತೊಡಗಿದರು.

“ಮೊದಲು ಸೆಲ್ ತಿರುಗಿಸಿಟ್ಟೆ. ಆ ಉದ್ದನೆಯವನು ಸರಿ ಮಾಡಿದ. ಆಮೇಲೆ ಬರೀ ಬಟ್ಟೆ ಅಂಟಿಸಿದೆ. ಅದರೊಳಗಿಂದಲೂ ಕೇಳಿಸ್ತು.”

“ಆ ಬೆಳಕು ಕಪ್ಪು ಬಟ್ಟೆಗೆಲ್ಲ ಹೆದರಲ್ಲ.”

“ಗೊತ್ತಾಯ್ತು. ಅದಕ್ಕೇ ಮಾತ್ರೆ ಕಾಗದ ಇಟ್ಟೆ.”

ರಿಮೋಟತ್ತೆ ಬಟ್ಟೆ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. “ಸಾಕು ಸಾಕು ಅಂತ ಸಾವು ಬೇಡೋದನ್ನ ಕೇಳೋಕಾಗಲಿಲ್ಲ, ಅಲ್ವಾ? ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ ಅಮ್ಮ. ಆದ್ರೂ...”

“ಅವರು ಸಾವು ಬೇಡಲಿಲ್ಲ.” ಟೈಲರಮ್ಮನ ದನಿ ಒಣಗಿತ್ತು. “ಅದು ನಾನು ಊರಿಗೆ ಹೇಳಿದ್ದು. ಸಾಕು ಅಂದ್ರೆ ಅವರಕ್ಕ.”

ರಿಮೋಟತ್ತೆಗೆ ಅರ್ಥವಾಗಲಿಲ್ಲ.

“ನಮ್ಮತ್ತೆಗೆ ಸಾಲಾಗಿ ನಾಲ್ಕು ಹೆಣ್ಣು. ನಾಲ್ಕನೇದು ಹುಟ್ಟಿದಾಗ ಇನ್ನು ಹೆಣ್ಣು ಸಾಕು ಅಂತ ಸಾಕು ಅಂತಲೇ ಹೆಸರಿಟ್ಟರು. ಏಳು ವರ್ಷ ಬಿಟ್ಟು ಇವರು ಹುಟ್ಟಿದ್ದು. ಅತ್ತೆಗೆ ಆಮೇಲೆ ಮೈ ಚೆನ್ನಾಗಿರಲಿಲ್ಲ, ಎತ್ತಿ ಆಡಿಸಿದ್ದೆಲ್ಲ ಆ ನಾಲ್ಕನೆಯವಳೇ. ‘ನನ್ನನ್ನ ಸಾಕು ಅಂದ್ರು, ಇವನನ್ನೂ ಸಾಕು ಅಂದ್ರು’ ಅಂತ ಅತ್ತಿಗೆ ನಗಾಡ್ತಿದ್ರು. ಇವರು ಒಂದು ದಿನವೂ ಅಕ್ಕ ಅನ್ನಲಿಲ್ಲ. ಬಾಯಿ ಬಂದಾಗಿಂದ ಸಾಕು ಅಂತಲೇ.”

“ಹೋದ್ರಾ?” ರಿಮೋಟತ್ತೆ ಮೆಲ್ಲನೆ ಕೇಳಿದಳು.

“ಜ್ವರ ಅಂತ ಆಸ್ಪತ್ರೆಗೆ ಸೇರಿದ್ದು. ಐದೇ ದಿನ. ಅಂಗಿ ಒಪ್ಪಿಸಿ ಬರ್ತೀನಿ ಅಂತ ಇವರಿಗೆ ಹೇಳಿ ಮಣ್ಣಿಗೆ ಹೋಗಿಬಂದೆ. ಕಾಲು ತೊಳ್ಕೊಂಡು ಬಂದು ಗಂಜಿ ಕುಡಿಸ್ದೆ.” ಟೈಲರಮ್ಮ ಗುಂಡಿಯ ದಾರ ಎಳೆದರು. “ಪ್ರತಿ ಗುರುವಾರ ಬರ್ತಿದ್ರು ಅತ್ತಿಗೆ. ಇವರು ಒಂಬತ್ತು ಒತ್ತೋರು. ಸಾಕು. ‘ಬಂದವಳಿಗೆ ಕೂತ್ಕೋ ಅನ್ನೋ ಬದಲು ಸಾಕು ಅಂತೀಯಲ್ಲೋ, ಹೋಗ್ಲಾ?’ ಅನ್ನೋರು ಅವರು. ಏಳು ಒತ್ತೋರು ಇವರು. ಅಲ್ಲ. ಮತ್ತೆ ಒಂಬತ್ತು. ಇಬ್ಬರೂ ಹುಡುಗರ ಹಾಗೆ ನಗೋರು. ಅವರು ತೀರಿಹೋದ ಮೇಲೆ ನಾನು ಅತ್ತಿಗೆಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂದೆ. ಒಂದು ಗುರುವಾರ ನಂಬಿದ್ರು. ಎರಡನೇದೂ ನಂಬಿದ್ರು. ಆಮೇಲೆ ಶುರುವಾಯ್ತು. ಬೆಳಿಗ್ಗೆ ಸಾಕು. ಊಟದ ಮಧ್ಯೆ ಸಾಕು. ಎಲ್ಲಿ, ಯಾಕೆ, ಯಾವಾಗ ಅನ್ನೋಕೆ ಅವರ ಹತ್ತಿರ ಗುಂಡಿ ಇಲ್ಲ. ಇರೋದು ಹೆಸರೊಂದೇ. ಅದೂ ಯಾರ ದನೀಲಿ? ನನ್ನ ದನೀಲಿ! ಮಾತು ತುಂಬಿಸಿದ ದಿನ ಮನೇಲಿ ನಾನೊಬ್ಬಳೇ ಇದ್ದೆ. ನಾನಿಲ್ಲಿ ಸೂಜಿಗೆ ದಾರ ಏರಿಸ್ತಿರ್ತೀನಿ, ಒಳಗಿಂದ ನಾನೇ ಸತ್ತವರನ್ನ ಕೂಗ್ತೀನಿ. ದಿನಕ್ಕೆ ನಲವತ್ತು ಸಲ. ಅಂಗಿಗೆ ಗುಂಡಿ ಹೊಲಿದು ಬದುಕಿದವಳು ನಾನು. ಆ ಒಂದು ಗುಂಡಿ ನನ್ನನ್ನ ಹುಚ್ಚಿ ಮಾಡ್ತು.”

“ಪಕ್ಕದವರಿಗೆ ಏನಂದ್ರಿ?”

“ಅವರು ಕೇಳಿಸ್ಕೊಂಡು ಪಾಪ ಬೇಜಾರಾಗಿದೆ ಅಂದ್ರು. ನಾನೂ ಹೂಂ ಅಂದೆ. ಡಾಕ್ಟರ ಮುಂದೆಯೂ ಹೂಂ ಅಂದೆ. ಮಾತ್ರೆ ಬರೆದುಕೊಟ್ರು. ನಿದ್ದೆ ಮಾಡ್ತಾರಲ್ಲ ಅಂತ ನಾನೂ ಸುಮ್ಮನಾದೆ.”

ಹೊರಗೆ ಬೀದಿಯಲ್ಲಿ ಯಾವುದೋ ಬಸ್ಸು ನಿಂತು, ಯಾರೋ ಏನೋ ಕೂಗಿ, ಹೊರಟುಹೋಯಿತು.

“ಆಘಾತ ಆಗಬಾರದು, ಆರು ವಾರ ಹೇಳಬೇಡಿ ಅಂದಿದ್ರು ಡಾಕ್ಟರು,” ಎಂದರು ಟೈಲರಮ್ಮ.

“ಈಗ ಎಷ್ಟಾಯ್ತು?”

“ನಾಡಿದ್ದು ಗುರುವಾರಕ್ಕೆ ಎಂಟು.”

ರಿಮೋಟತ್ತೆ ಬಟ್ಟೆಯ ಬಿಲ್ಲೆಯನ್ನು ಮಷೀನಿನ ಮೇಲಿಟ್ಟಳು. ಅವಳ ಗಂಡ ಅಂಗಡಿಯಲ್ಲೇ ಕುಸಿದು ಹೋದಾಗ ಅವನ ತಾಯಿಯಿಂದ ಅದನ್ನು ಅವಳೂ ಮನೆಯವರೂ ನಲವತ್ತು ದಿನ ಮುಚ್ಚಿಟ್ಟಿದ್ದರು. ಮುದುಕಿಯ ಗುಂಡಿಗೆ ಗಟ್ಟಿಯಿಲ್ಲ, ಸಾಮಾನು ತರಲು ದೂರ ಹೋಗಿದ್ದಾನೆ ಎಂದಿದ್ದರು. ಮುದುಕಿ ದಿನಾ ಕೇಳುತ್ತಿತ್ತು. ಒಂದು ದಿನ ಕೇಳುವುದನ್ನು ನಿಲ್ಲಿಸಿತು. ಅಂದಿನಿಂದ ಸಾಯುವವರೆಗೂ ಸೊಸೆಯ ಜೊತೆ ಇನ್ನಾವ ಮಾತನ್ನೂ ಆಡಲಿಲ್ಲ.

ಇದನ್ನೆಲ್ಲ ಅವಳು ಟೈಲರಮ್ಮನಿಗೆ ಹೇಳಲಿಲ್ಲ. ಕೆಲಸದ ಮಾತು ಹೇಳಿದಳು.

“ನೋಡಿ ಅಮ್ಮ. ಇದನ್ನ ಮತ್ತೆ ಅಂಟಿಸಿ, ರಿಮೋಟ್ ಸತ್ತಿದೆ ಅಂತ ಫಿಸಿಯೋಗೆ ಹೇಳಿ ನಾನು ಇಳಿದುಹೋಗಬಹುದು. ಒಂದು ತಿಂಗಳಿಗೆ ಬೆರಳೂ ಸಾಯುತ್ತೆ. ಆಮೇಲೆ ಅವರು ಯಾರನ್ನೂ ಕೇಳಲ್ಲ. ನೀರನ್ನೂ ಕೇಳಲ್ಲ. ಇಲ್ಲಾಂದ್ರೆ ಇವತ್ತೇ ಹೇಳಿ.”

“ನೀನೇ ಹೇಳ್ಬಿಡಮ್ಮ. ನಿನಗೆ ಮಾತು ಬರುತ್ತೆ.”

“ನಾನು ಬೀದಿಯವಳು. ನನ್ನ ಬಾಯಲ್ಲಿ ಅದು ಬರೀ ಸುದ್ದಿ. ನಾನು ಪಕ್ಕದಲ್ಲಿ ನಿಂತಿರ್ತೀನಿ, ಏಳಿ.”

ಟೈಲರಮ್ಮ ಎದ್ದರು. ಸೆರಗಿಗೆ ಅಂಟಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದರು, ಯಾರದೋ ಮನೆಗೆ ಹೊರಟವರ ಹಾಗೆ. ಒಳಗೆ ಹೋಗಿ ಮಂಚದ ಅಂಚಿಗೆ ಕೂತರು. ರಿಮೋಟತ್ತೆ ಆ ಕಪ್ಪು ಕಣ್ಣನ್ನು ಒರೆಸಿ ಪರದೆಯ ನೆತ್ತಿಯ ಮೇಲೆ ಅದರ ಜಾಗಕ್ಕೆ ಕೂರಿಸಿ, ಗೋಡೆಗೆ ಒರಗಿ ನಿಂತಳು.

“ರೀ,” ಎಂದರು ಟೈಲರಮ್ಮ. “ಅತ್ತಿಗೆಗೆ ಈಗ ಮಂಡಿ ನೋವಿಲ್ಲ ಕಣ್ರೀ.”

ಕಂಡಕ್ಟರು ಹೆಂಡತಿಯ ಮುಖ ನೋಡಿದರು.

“ಜ್ವರ ಬಂದಿತ್ತು. ನಿಮಗೆ ಹೇಳಬೇಡ ಅಂದಿದ್ರು ಅತ್ತಿಗೆ. ಆಸ್ಪತ್ರೆಗೆ ಸೇರಿದಾಗಲೂ ಅವನಿಗೆ ಹೇಳಬೇಡ, ಎದ್ದು ಬಂದು ನಾನೇ ಬೈತೀನಿ ಅಂದ್ರು. ಏಳಲಿಲ್ಲ. ಎಂಟು ವಾರ ಆಗ್ತಾ ಬಂತು. ಅಂಗಿ ಒಪ್ಪಿಸೋಕೆ ಹೋದೆ ಅಂದೆನಲ್ಲ, ಅವತ್ತು ಅಲ್ಲಿಗೇ ಹೋಗಿದ್ದು. ನಿಮ್ಮ ಲೆಕ್ಕದಲ್ಲೂ ಒಂದು ಹಿಡಿ ಮಣ್ಣು ಹಾಕಿದೆ.”

ಅಷ್ಟು ಹೇಳಿ ನಿಲ್ಲಿಸಿದರು. ಕಂಡಕ್ಟರ ಗಂಟಲಿನಿಂದ ಗಾಳಿಯ ಸದ್ದೊಂದು ಬಂತು. ಬಸ್ಸಿನ ಬಾಗಿಲು ಮುಚ್ಚುವಾಗ ಬರುತ್ತದಲ್ಲ, ಅಂಥದ್ದು. ಬಲಗಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಎಡಗಣ್ಣು ಒಣಗಿಯೇ ಇತ್ತು, ಅದಕ್ಕೆ ಅಳಲೂ ಬರುತ್ತಿರಲಿಲ್ಲ. ಟೈಲರಮ್ಮ ಅಳತೆ ಟೇಪಿನ ತುದಿಯಲ್ಲೇ ಒರೆಸಿದರು.

ಆಮೇಲೆ ಹೆಬ್ಬೆರಳು ಕದಲಿತು. ಒಂಬತ್ತರವರೆಗೂ ಸರಿದು ಬಂದು, ಒತ್ತಿತು.

“ಸಾಕು,” ಎಂದಿತು ಕಂಪ್ಯೂಟರು.

“ಕೂಗಿ, ಕೂಗಿ,” ಎಂದರು ಟೈಲರಮ್ಮ ಅಳುತ್ತ. “ಎಷ್ಟು ಬೇಕಾದ್ರೂ ಕೂಗಿ. ಇನ್ನು ಮುಚ್ಚಲ್ಲ. ಅತ್ತಿಗೇನ ತಾನೇ ಕೂಗ್ತಿರೋದು?”

ಬೆರಳು ನಿಧಾನಕ್ಕೆ ಎರಡು ಮನೆ ಹಿಂದಕ್ಕೆ ಸರಿಯಿತು. ಏಳು.

“ಅಲ್ಲ.”

ಮತ್ತೆ ಒಂಬತ್ತು.

“ಸಾಕು.”

ಟೈಲರಮ್ಮನ ಕೈ ಟೇಪಿನ ಮೇಲೆ ಹಾಗೇ ನಿಂತಿತು. ಬದುಕು ಸಾಕಾಗಿದೆ ಎಂದು ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದ ಸುಳ್ಳು, ಅವರದೇ ದನಿಯಲ್ಲಿ, ಅವರ ಕಣ್ಣೆದುರಿಗೇ ನಿಜವಾಗಿತ್ತು.

ರಿಮೋಟತ್ತೆ ಪರದೆಯ ನೆತ್ತಿಯ ಮೇಲಿನ ಕಪ್ಪು ಕಣ್ಣನ್ನು ನೋಡಿದಳು. ಕಣ್ಣು ಬಿಡಿಸಿದವಳು ತಾನು. ಬಿಡಿಸದಿದ್ದರೆ? ಅದೂ ಗೊತ್ತಿತ್ತು, ಅದನ್ನು ಹದಿನಾಲ್ಕು ವರ್ಷದ ಹಿಂದೆ ಗಂಡನ ತಾಯಿಯಲ್ಲಿ ನೋಡಿದ್ದಳು.

ಟೈಲರಮ್ಮ ಅವಳತ್ತ ತಿರುಗಿದರು. “ಆ ಒಂಬತ್ತನ್ನ ಕಿತ್ತುಹಾಕು. ಈಗಲೇ. ಕಂಪ್ಯೂಟರಿಂದ ಅಳಿಸು, ರಿಮೋಟಿಂದ ಕೀಳು, ಏನಾದ್ರೂ ಮಾಡು.”

“ಇಲ್ಲಮ್ಮ,” ಎಂದಳು ರಿಮೋಟತ್ತೆ. “ಅವರ ಹತ್ತಿರ ಇರೋದೇ ಒಂಬತ್ತು ಮಾತು. ನಮಗೆ ಕೇಳೋಕೆ ಕಷ್ಟ ಅಂತ ಒಂದನ್ನ ಕಿತ್ಕೊಳ್ಳೋದು ಬೇಡ. ಒಂದೇ ಮಾತಿಗೆ ಎರಡು ಅರ್ಥ ಕಟ್ಟಿದ್ದೇ ತಪ್ಪು, ನನ್ನ ಕೈಲಿ ಸರಿ ಮಾಡೋಕಾಗೋದು ಅದೊಂದೇ. ಸೊನ್ನೆ ಖಾಲಿ ಇದೆ. ಇಲ್ಲಿ ಬನ್ನಿ.”

ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಟೈಲರಮ್ಮನನ್ನು ಕೂರಿಸಿದಳು. ಮೈಕನ್ನು ಬಾಯಿಯ ಹತ್ತಿರ ತಂದಳು. “ಅಕ್ಕ ಅಂತ ಹೇಳಿ. ಅವರನ್ನ ನೆನೆದಾಗ ಅದನ್ನ ಒತ್ತಲಿ. ಬದುಕು ಸಾಕಾದಾಗ ಇದನ್ನ ಒತ್ತಲಿ. ಯಾವುದು ಯಾವುದು ಅಂತ ನಿಮಗೂ ಗೊತ್ತಾಗಲಿ, ಡಾಕ್ಟರಿಗೂ ಗೊತ್ತಾಗಲಿ. ಆ ಮಾತ್ರೆ ಬೇಕಾ ಬೇಡ್ವಾ ಅಂತ ಆಮೇಲೆ ಅವರನ್ನೇ ಕೇಳಿ. ಆದ್ರೆ ಈ ಸಲ ನಿಜ ಹೇಳಿ ಕೇಳಿ.”

ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಕೆಮ್ಮು ಬಂತು. ಮೂರನೆಯದು ಪರವಾಗಿಲ್ಲ ಎನ್ನುವಂತಿತ್ತು. ಗೋಡೆಯ ಹಾಳೆಯಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ ರಿಮೋಟತ್ತೆ ದಪ್ಪ ಅಕ್ಷರದಲ್ಲಿ ಬರೆದಳು: ಸೊನ್ನೆ, ಅಕ್ಕ. ಕಂಡಕ್ಟರ ಹೆಬ್ಬೆರಳನ್ನು ಹಿಡಿದು ಸೊನ್ನೆಯ ಮೇಲೆ ಒಮ್ಮೆ ಇಟ್ಟು ದಾರಿ ತೋರಿಸಿದಳು. ಬೆರಳು ತಣ್ಣಗಿತ್ತು. ಅದು ಒತ್ತಲಿಲ್ಲ.

“ಬರ್ತೀನಿ ಸಾರ್,” ಎಂದಳು. “ಗುರುವಾರ ಬಂದು ಸೆಲ್ ನೋಡ್ತೀನಿ.” ಸೆಲ್ ಇನ್ನೂ ಆರು ತಿಂಗಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದೀತು. ಬಾಯಿಯ ಬಲಮೂಲೆ ಈ ಸಲ ಮೇಲೇಳಲಿಲ್ಲ.

ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಟೈಲರಮ್ಮ ಬಾಗಿಲವರೆಗೂ ಬರಲಿಲ್ಲ. ಮಷೀನಿನ ಸದ್ದೂ ಇರಲಿಲ್ಲ. ಒಂದು ಮಹಡಿ ಇಳಿದು ಮಂಡಿ ಹಿಡಿದುಕೊಂಡು ನಿಂತಾಗ ಮೇಲಿನಿಂದ ಕೇಳಿಸಿತು.

“ಅಕ್ಕ.”

ಆಮೇಲೆ ಅದೇ ದನಿ, ಈ ಸಲ ಪೆಟ್ಟಿಗೆಯಿಂದಲ್ಲ, ಬಾಯಿಂದ: “ಇಲ್ಲ ಕಣ್ರೀ.”

“ಅಕ್ಕ.”

“ಇಲ್ಲ.”

“ಅಕ್ಕ.”

“ಇಲ್ಲ ಕಣ್ರೀ, ಇಲ್ಲ.”

ರಿಮೋಟತ್ತೆ ಗೋಡೆಗೆ ಕೈಕೊಟ್ಟು ಉಳಿದ ಮೆಟ್ಟಿಲುಗಳನ್ನು ಇಳಿದಳು.